ನಡೆದ ಚರ್ಮ

ಅಪ್ಪ ತೀರಿಕೊಂಡ ಹದಿನಾರನೇ ದಿನ, ಬುದ್ಧನ ಪಟದ ಕೆಳಗೆ ಇಟ್ಟಿದ್ದ ಅವನ ಸಣ್ಣ ಫೋನು ಒಮ್ಮೆಲೇ ರಿಂಗಣಿಸತೊಡಗಿತು. ಅದನ್ನು ದಿನಾ ಚಾರ್ಜಿಗೆ ಹಾಕುತ್ತಿದ್ದವಳು ಮಗಳು ಪೂನಮ. ಯಾಕೆ ಹಾಕುತ್ತೇನೆ ಎಂದು ಮಾತ್ರ ತನ್ನನ್ನು ಕೇಳಿಕೊಂಡಿರಲಿಲ್ಲ.

"ಮಿಸ್ತ್ರಿ, ಈ ಐತ್ವಾರ ಬರ್ತೀರೋ ಇಲ್ಲೋ? ಮಷಿನ್ ಕುಂತುಬಿಟ್ಟದ ರಿ," ಎಂದಿತು ಭಾಲ್ಕಿಯ ದರ್ಜಿ ಚಾಂದ ಪಾಶಾನ ದನಿ.

ಅಪ್ಪ ಇಲ್ಲ ಎಂದು ಹೇಳಲು ಬಾಯಿ ತೆರೆದಳು. ಬಂದದ್ದು ಬೇರೆ ಮಾತು.

"ಬರ್ತೇನ್ರಿ."

"ಬರ್ತೇನಿ ಅನ್ನಾಕಿ ನೀ ಯಾರವಾ?"

"ಮಿಸ್ತ್ರಿ ಮಗಳು ರಿ. ಅಪ್ಪ ಹೋಗಿಬಿಟ್ಟರ್ರಿ. ನಾನೇ ಬರ್ತೇನಿ."

ಚಾಂದ ಪಾಶಾ, "ಬಾ ಬೇಟಿ. ಊಟಾ ನಮ್ಮಲ್ಲೇ ಮಾಡು," ಎಂದಿದ್ದ.

ಮೂರು ವರ್ಷದ ಹಿಂದಿನ ಮಾತು. ಅಂದಿನಿಂದ ಪೂನಮ ಆರು ದಿನ ಬೀದರಿನ ಒಂದು ಕಾಲೇಜಿನ ಕಚೇರಿಯಲ್ಲಿ ಗುಮಾಸ್ತೆ, ಐತ್ವಾರ ಬಂತೆಂದರೆ ಹೊಲಿಗೆ ಮಷಿನಿನ ಮಿಸ್ತ್ರಿ. ಒಂದು ಐತ್ವಾರ ಭಾಲ್ಕಿ, ಮರು ಐತ್ವಾರ ಔರಾದ. ಈ ಸರದಿ ಹಾಕಿದವನೂ ಅಪ್ಪನೇ. ಮೆಹಕರದಿಂದ ಬಂದು ಭಾಲ್ಕಿಯ ಹೈಸ್ಕೂಲಿನಲ್ಲಿ ಜವಾನನಾಗಿ ಸೇರಿದ ಅಪ್ಪ ಪಂಢರಿ ಆರು ದಿನ ಶಾಲೆಯ ಗಂಟೆ ಬಾರಿಸುತ್ತಿದ್ದ. ಏಳನೆಯ ದಿನ ಖಾಕಿ ಅಂಗಿ ಗೂಟಕ್ಕೆ ಹಾಕಿ, ನಟ್ಟು ಬಿಚ್ಚುವ ಪಾನಾ, ಸ್ಕ್ರೂಡ್ರೈವರಿನ ಚೀಲ ಹೆಗಲಿಗೇರಿಸುತ್ತಿದ್ದ. ನಿವೃತ್ತನಾಗಿ ಬೀದರಿನ ನೌಬಾದಿನಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿದ ಮೇಲೂ ಐತ್ವಾರದ ತಿರುಗಾಟ ಬಿಡಲಿಲ್ಲ. "ಗಂಟಿ ಬಾರಸೂದು ಹೊಟ್ಟಿಗಿ, ಮಷಿನ್ ಬಿಚ್ಚೂದು ಜೀವಕ್ಕ," ಎನ್ನುತ್ತಿದ್ದ.

ಶಾಲೆ ರಜೆ ಇದ್ದಾಗ ಪೂನಮಳೂ ಹೋಗುತ್ತಿದ್ದಳು. ಕಮಲನಗರದ ಮೇಲೆ ಹಾಯುವ ಬಸ್ಸಿನಲ್ಲಿ ಕಿಟಕಿಯ ಜಾಗ ಅವಳದು, ತೊಡೆಯ ಮೇಲೆ ಚೀಲ. ಚೀಲಕ್ಕೆ ಮಷಿನ್ ಎಣ್ಣೆಯ ವಾಸನೆ. ಈಗಲೂ ಯಾವುದಾದರೂ ದರ್ಜಿ ಅಂಗಡಿಯ ಮುಂದೆ ಹಾದುಹೋಗುವಾಗ ಆ ವಾಸನೆ ಬಂದರೆ, ಅವಳು ಹತ್ತು ವರ್ಷದವಳಾಗಿ, ಮಡಿಲು ಭಾರವಾಗಿ, ಬಸ್ಸಿನಲ್ಲಿ ಕೂತುಬಿಡುತ್ತಾಳೆ.

ಆದರೆ ಅಪ್ಪನ ಧೈರ್ಯ ಮಗಳಿಗೆ ಬರಲಿಲ್ಲ. ಅವಳದು ಹೆದರಿಕೆಯ ಜೀವ. ಬೀಗ ಹಾಕಿ ಮೂರು ಸಲ ಜಗ್ಗಿ ನೋಡುವವಳು, ಒಂದು ಅರ್ಜಿ ಬರೆದರೆ ನಾಲ್ಕು ಸಲ ಓದುವವಳು. ಅಪ್ಪ ಮಷಿನಿನ ಪಕ್ಕ ಕೂತು, ಕಣ್ಣು ಮುಚ್ಚಿ, ಒಂದು ನಿಮಿಷ ಸಪ್ಪಳ ಕೇಳಿ ರೋಗ ಹೇಳುತ್ತಿದ್ದ. ಇವಳು ಫೋನಿನಲ್ಲಿ ವೀಡಿಯೊ ನೋಡಿ, ಪುಸ್ತಕ ಓದಿ, ಇಡೀ ಮಷಿನು ಬಿಚ್ಚಿ ಹರವಿ ಆಮೇಲೆ ಹೇಳುತ್ತಿದ್ದಳು. ಬಿಚ್ಚಿದ ಪ್ರತಿ ಸ್ಕ್ರೂ ಸಾಲಾಗಿ ಒಂದು ಬಿಳಿ ಬಟ್ಟೆಯ ಮೇಲೆ. ಇಷ್ಟು ಜಾಗರೂಕತೆಯಿಂದ ಕೆಲಸ ಮಾಡುವವಳ ಕೈಯಲ್ಲಿ ತಪ್ಪಾಗದು ಎಂದು ಎಲ್ಲರೂ ಅಂದುಕೊಂಡಿದ್ದರು. ತಪ್ಪಾದದ್ದು ಆ ಜಾಗರೂಕತೆಯಿಂದಲೇ.

ಔರಾದದ ಆಬೇದಾ ಅಪ್ಪನ ಎಲ್ಲಕ್ಕಿಂತ ಹಳೆಯ ಗಿರಾಕಿ. ಎಪ್ಪತ್ತು ದಾಟಿದ ಹೆಂಗಸು. ಅವಳದು ಮದುವೆಯಲ್ಲಿ ತವರಿನಿಂದ ಬಂದ ಕಾಲಿನ ಮಷಿನು; ಕರಿ ಮೈಯ ಮೇಲಿನ ಬಂಗಾರದ ಬಳ್ಳಿ ಅಳಿಸಿಹೋಗಿ ಬರಿ ಎಲೆಗಳು ಉಳಿದಿವೆ. ಗಂಡ ಖಾಸಿಂ ಅಲಿ ಹೋದ ಮೇಲೆ ಮಕ್ಕಳನ್ನು ಆ ಮಷಿನೇ ಸಾಕಿತು. ಆ ಮನೆಯ ಯಾವ ಹುಡುಗಿಯ ಮದುವೆಯಾದರೂ ಮದುಮಗಳ ಬಟ್ಟೆ ಆ ಮಷಿನಿನ ಮೇಲೆಯೇ ಹೊಲಿಯಬೇಕು. ಮೊದಲ ಹೊಲಿಗೆ, ಕೊನೆಯ ಹೊಲಿಗೆ ಎರಡೂ ಆಬೇದಾಳ ಕೈಯದು. ಈಗ ಮೊಮ್ಮಗಳು ನಿಖತಳ ಸರದಿ. ಶುಕ್ರವಾರ ನಿಕಾಹ್.

ಆ ಐತ್ವಾರ ಪೂನಮ ಹೋದಾಗ ಮಷಿನು ಕೆಟ್ಟಿರಲಿಲ್ಲ. "ಮದುವಿ ಕೆಲಸ ಅದ, ಒಂದ್ಸಲ ಎಣ್ಣಿ ಬಿಟ್ಟು ಹೋಗು ಬೇಟಿ," ಎಂದಷ್ಟೇ ಆಬೇದಾ ಹೇಳಿದ್ದಳು. ಎಣ್ಣೆ ಬಿಟ್ಟು ಏಳಬಹುದಿತ್ತು. ಪೂನಮಳಿಗೆ ಸಮಾಧಾನವಾಗಲಿಲ್ಲ. ಮದುವೆಯ ಬಟ್ಟೆ, ನಡುವೆ ಏನಾದರೂ ಆದರೆ? ಕೆಳಗೆ ಬಗ್ಗಿ, ಪೆಡಲಿನಿಂದ ಚಕ್ರಕ್ಕೆ ಹೋಗುವ ಕೋಲಿನ ಗೂಟವನ್ನೂ ಬಿಚ್ಚಿದಳು. ಅಲ್ಲಿ ಕರ್ರಗಿನ ಏನೋ ಒಂದು ಬಿಲ್ಲೆ ಅಂಟಿಕೊಂಡಿತ್ತು. ಇಪ್ಪತ್ತು ವರ್ಷದ ಎಣ್ಣೆ, ಧೂಳು, ದಾರದ ಎಳೆ ಕೂಡಿ ಗಟ್ಟಿಯಾದ ಜಿಡ್ಡು ಎಂದುಕೊಂಡು, ಸ್ಕ್ರೂಡ್ರೈವರಿನಿಂದ ಕೆರೆದು ಅಂಗಳಕ್ಕೆ ಒಗೆದಳು. ಪೆಟ್ರೋಲಿನಿಂದ ತೊಳೆದು, ಹೊಸ ಗ್ರೀಸು ತುಂಬಿ, ನಟ್ಟು ಬಿಗಿದಳು. ಮಷಿನು ಬೆಣ್ಣೆಯ ಹಾಗೆ ಓಡಿತು.

"ನಿಮ್ಮಪ್ಪ ಇಷ್ಟು ತೊಳೀತಿದ್ದಿಲ್ಲ ಬಿಡು," ಎಂದಳು ಆಬೇದಾ. ಹೊಗಳಿಕೆ ಎಂದೇ ಪೂನಮ ತಿಳಿದಳು.

ಮಂಗಳವಾರ ಹನ್ನೊಂದು ಗಂಟೆಗೆ ಕಚೇರಿಯಲ್ಲಿ ಫೋನು ನಡುಗಿತು. ಅಪ್ಪನ ಕಾಲದಲ್ಲಿ ಮಂಗಳವಾರ ಕೆಟ್ಟ ಮಷಿನು ಮೇಲೊಂದು ಬಟ್ಟೆ ಹೊದ್ದುಕೊಂಡು ಐತ್ವಾರದವರೆಗೆ ಸುಮ್ಮನೆ ಕೂರುತ್ತಿತ್ತು. ಈಗ ಅದು ಅಲ್ಲಿಂದಲೇ ಕೂಗುತ್ತದೆ. ಪೂನಮ ಹಳೆಯ ಉತ್ತರಪತ್ರಿಕೆಗಳನ್ನು ಇಟ್ಟ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

"ಬೇಟಿ, ನಿನ್ನ ಐತ್ವಾರದ ಕೆಲಸ ಮಂಗಳವಾರದ ತನಾನೂ ಬಾಳಲಿಲ್ಲ ನೋಡು," ಎಂದಳು ಆಬೇದಾ.

"ಏನಾಯ್ತ್ರಿ ಖಾಲಾ?"

"ಪೆಡಲ್ ಒತ್ತಿದ್ರ ಚಕ್ರ ಉಲ್ಟಾ ತಿರಗತದ. ದಾರ ಪಟ್ಟಂತ ಹರೀತದ. ಒಂದು ಗೇಣು ಹೊಲ್ಯಾಕ ಇಪ್ಪತ್ತು ಸಲ ದಾರ ಪೋಣಿಸೇನಿ. ಈ ಕಣ್ಣಿಲೆ! ಆವಾಜ್ ಬ್ಯಾರೆ, ಠಕ್ ಠಕ್ ಅಂತದ."

ಫೋನು ಆಬೇದಾಳ ಮಗ ಕಲೀಮನ ಕೈಗೆ ಹೋಯಿತು.

"ಪೂನಮಕ್ಕ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಾಳಿ ಸಂಜಿತನ ನೋಡ್ತೇನಿ. ಸುಧಾರಸಲಿಲ್ಲ ಅಂದ್ರ ಇದನ್ನ ಗುಜರಿಯವಂಗ ಕೊಟ್ಟು ಕರೆಂಟಿನ ಮಷಿನ್ ತರ್ತೇನಿ. ನಿಕಾಹ್ ನಿಂದರಸಾಕ ಆಗಂಗಿಲ್ಲಲ್ರಿ."

"ನಾ ಸತ್ತ ಮ್ಯಾಲ ಕೊಡು ಗುಜರಿಗಿ!" ಎಂದು ಹಿಂದಿನಿಂದ ಆಬೇದಾಳ ದನಿ ಕೇಳಿತು. "ನನ್ನೂ ಅದರ ಸಂಗಾಟನೇ ತೂಕಕ್ಕ ಹಾಕು!"

ಪೂನಮ ನೇರ ಸೂಪರಿಂಟೆಂಡೆಂಟ್ ರವಿಕಿರಣರ ಮೇಜಿಗೆ ಹೋದಳು. ನಾಳೆ ಅರ್ಧ ದಿನ ರಜೆ ಬೇಕೆಂದಳು.

"ಈ ವಾರ ತಪಾಸಣಿ ಕಮಿಟಿ ಬರ್ತದ, ನಿಮಗ ಗೊತ್ತಿಲ್ಲೇನ್ರಿ? ಫೈಲ್ ಎಲ್ಲಾ ನಿಮ್ಮ ಕೈಯಾಗೇ ಅವ. ನನಗೇ ರಜಾ ಇಲ್ಲ, ನಿಮಗ ಎಲ್ಲಿಂದ ತರ್ಲಿ?"

ಅವರ ಮಾತು ಸುಳ್ಳಲ್ಲ. ಅವಳು ತನ್ನ ಕುರ್ಚಿಗೆ ಬಂದು ಕೂತಳು. ಎದುರಿನ ರಿಜಿಸ್ಟರಿನ ಅಕ್ಷರ ಕಣ್ಣಿಗೆ ಹತ್ತಲಿಲ್ಲ. ಅಪ್ಪ ಮೂವತ್ತು ವರ್ಷ ನಡೆಸಿದ ಮಷಿನು ತನ್ನ ಕೈ ತಾಗಿ ಎರಡು ದಿನಕ್ಕೆ ಗುಜರಿಗೆ ಹೋಗುತ್ತದೆ. ಆಮೇಲೆ ಔರಾದಕ್ಕೆ ಯಾವ ಮುಖ ಹೊತ್ತು ಹೋಗುವುದು? ಭಾಲ್ಕಿಗೂ ಸುದ್ದಿ ಮುಟ್ಟಲು ಎಷ್ಟು ಹೊತ್ತು? ಅಪ್ಪನ ಐತ್ವಾರ ಅಲ್ಲಿಗೆ ಮುಗಿದ ಹಾಗೆಯೇ.

ಊಟದ ಬಿಡುವಿನಲ್ಲಿ ಡಬ್ಬಿ ತೆರೆಯದೆ ಮತ್ತೆ ಆ ಕೋಣೆಗೆ ಹೋದಳು.

"ಖಾಲಾ, ಫೋನ್ ಮಷಿನ್ ಬುಡಕ ಇಡ್ರಿ. ಸಾವಕಾಶ ಪೆಡಲ್ ಹೊಡೀರಿ. ಮಾತಾಡಬ್ಯಾಡ್ರಿ."

"ನಾ ಮಾತಾಡದ ಕೂಡ್ಲೇನು? ಆಯ್ತು ಬಿಡು."

ಪೂನಮ ಫೋನನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚಿದಳು. ಮೊದಲು ಬರಿ ಗಲಾಟೆ: ಕೋಳಿ, ಯಾರದೋ ಕೆಮ್ಮು, ಹೊರಗೆ ಮೋಟರ್ ಸೈಕಲ್ಲು. ಆಮೇಲೆ ಅವುಗಳ ಕೆಳಗಿನಿಂದ ಮಷಿನು ಎದ್ದಿತು. ಟಕಟಕ ಟಕಟಕ, ಠಕ್. ಟಕಟಕ ಟಕಟಕ, ಠಕ್. ಪೆಡಲು ಕೆಳಗೆ ಮುಟ್ಟಿದಾಗಲೆಲ್ಲ ಒಂದು ಪೆಟ್ಟು. ಒಂದು ಕಾಲು ಗಿಡ್ಡವಾದ ಮನುಷ್ಯ ಓಣಿಯಲ್ಲಿ ಅವಸರದಿಂದ ನಡೆದ ಹಾಗೆ.

ಈ ಸಪ್ಪಳ ಅವಳು ಮೊದಲೂ ಕೇಳಿದ್ದಳು. "ಕುಂಟಲತ್ತದ," ಎಂದು ಅಪ್ಪ ಅಂದಿದ್ದ. ಆಬೇದಾಳ ಪಡಸಾಲೆಯಲ್ಲಿ, ಇದೇ ಮಷಿನಿನ ಮುಂದೆ. ಅವಳಿಗೆ ಆಗ ಹತ್ತೋ ಹನ್ನೊಂದೋ. ಗೂಟ ಸವೆದು ಸಡಿಲಾಗಿತ್ತು. ಅಪ್ಪ ಚೀಲದಲ್ಲೆಲ್ಲ ಹುಡುಕಿ, ಏನೂ ಸಿಗದೆ, ತನ್ನ ಕಾಲಿನ ಚಪ್ಪಲಿ ಕಳಚಿ ತೊಡೆಯ ಮೇಲಿಟ್ಟುಕೊಂಡಿದ್ದ. ಹಿಮ್ಮಡಿಯ ಅಂಚಿನಲ್ಲಿ ಸಣ್ಣ ಚೂರಿಯಿಂದ ಎಂಟಾಣೆಯಷ್ಟು ಅಗಲದ ಚರ್ಮ ಕೊಯ್ದು, ನಡುವೆ ತೂತು ಮಾಡಿ, ಗೂಟಕ್ಕೆ ಏರಿಸಿದ್ದ. ಆಬೇದಾ ಬಾಯಿಗೆ ಸೆರಗು ಹಚ್ಚಿ ನಕ್ಕಿದ್ದಳು. "ಮಿಸ್ತ್ರಿ, ಇನ್ನ ನಾಕು ಮಷಿನ್ ಆದ್ರ ನೀವು ಬರಿಗಾಲಿಲೆ ಮನಿಗಿ ಹೋಗ್ತೀರಿ!"

ಮರಳಿ ಬರುವಾಗ ಬಸ್ಸಿನಲ್ಲಿ ಪೂನಮ ಕೇಳಿದ್ದಳು: ಅಂಗಡಿಯಲ್ಲಿ ಹೊಸ ಚರ್ಮ ಸಿಗುವುದಿಲ್ಲವೇ ಎಂದು.

"ಹೊಸಾ ಚರ್ಮ ಹಟ ಮಾಡ್ತದ ಕೂಸ," ಎಂದಿದ್ದ ಅಪ್ಪ. "ನಡೆದ ಚರ್ಮಕ್ಕ ಭಾರ ಹ್ಯಾಂಗ ಹೊರಬೇಕು ಗೊತ್ತಿರ್ತದ."

ಆ ಉತ್ತರ ಆಗ ಅವಳ ತಲೆಗೆ ಹೋಗಿರಲಿಲ್ಲ. ಹೋಗಿದ್ದು ಬೇರೆಯದೇ: ಇಲಿ ಕಚ್ಚಿದ ಹಾಗಿರುವ ಚಪ್ಪಲಿ ಮೆಟ್ಟಿಕೊಂಡು ಅಪ್ಪ ತನ್ನ ಶಾಲೆಯ ಕಡೆ ಬಾರದಿರಲಿ ಎಂಬ ನಾಚಿಕೆ. ಹಾಗಾದರೆ ಐತ್ವಾರ ತಾನು ಕೆರೆದು ಒಗೆದದ್ದು ಜಿಡ್ಡಲ್ಲ, ಅಪ್ಪನ ಚಪ್ಪಲಿಯ ಆ ಬಿಲ್ಲೆ. ಗ್ರೀಸು ಎರಡು ದಿನ ಆ ಜಾಗ ತುಂಬಿ ನಿಂತಿತು, ಆಮೇಲೆ ಹಿಂಡಿ ಹೋಯಿತು.

"ಖಾಲಾ! ಮನ್ಯಾಗ ಹಳೀ ಚರ್ಮದ ಚಪ್ಪಲಿ ಅವ ಏನ್ರಿ? ಯಾರವಾದ್ರೂ?"

"ಚಪ್ಪಲೀಲೆ ಹೊಡೀಬೇಕಂದ್ರ ನೀನೇ ಇಲ್ಲಿಲ್ಲ," ಎಂದಳು ಆಬೇದಾ. "ಎಲ್ಲಾ ರಬ್ಬರ್ ಬೇಟಿ. ಕಲೀಮನ ಬೂಟೂ ರಬ್ಬರ್. ಈ ಕಾಲದಾಗ ಚರ್ಮ ಯಾರು ಮೆಟ್ಟತಾರ?"

"ನಾಳಿ ಮುಂಜಾನಿ ಬಸ್ಸಿಗಿ ಚರ್ಮ ಕಳಸ್ತೇನಿ. ಕಲೀಮ್ ಭಾಯಿಗಿ ಹೇಳ್ರಿ, ನಾಳಿ ಸಂಜಿತನ ತಡೀರಿ ಅಂತ."

ಸಂಜೆ ಮನೆಗೆ ಬಂದವಳು ಚಹಾ ಸಹ ಕುಡಿಯದೆ ಕೂತಳು. ತನ್ನ ಸ್ಯಾಂಡಲ್ಲಿಗೆ ಕತ್ತರಿ ಹಾಕಿದಳು: ಮೇಲೆ ಚರ್ಮದ ಬಣ್ಣ, ಒಳಗೆ ರಟ್ಟು. ಹಳೆಯದೊಂದು ಬೆಲ್ಟು ಕೊಯ್ದಳು: ಬಗ್ಗಿಸಿದರೆ ಬಿರುಕು. ಬಾಗಿಲ ಪಕ್ಕದ ಗೂಡಿನ ಕಡೆ ಮಾತ್ರ ನೋಡಲಿಲ್ಲ. ಅಲ್ಲಿ ಅಪ್ಪನ ಚಪ್ಪಲಿ ಇತ್ತು. ಮೂರು ವರ್ಷದಿಂದ ಅವ್ವ ಅನಸೂಯಾಬಾಯಿ ಪ್ರತಿ ವಾರ ಅದರ ಧೂಳು ಒರೆಸಿ, ಒಂದು ಹನಿ ಎಣ್ಣೆ ಸವರಿ, ಮುಖ ಬಾಗಿಲ ಕಡೆ ಮಾಡಿ ಇಡುತ್ತಿದ್ದಳು. ಅಂಗಿ ಕೊಟ್ಟಳು, ಕೊಡೆ ಕೊಟ್ಟಳು, ಸೈಕಲ್ಲನ್ನೂ ಕೊಟ್ಟಳು. ಚಪ್ಪಲಿಯನ್ನು ಮಾತ್ರ ಯಾರಿಗೂ ಕೊಟ್ಟಿರಲಿಲ್ಲ.

"ಮನಿ ತುಂಬ ಏನ ಕತ್ತರಸಲತ್ತೀ? ಹುಚ್ಚು ಹಿಡದದೇನು?" ಎಂದಳು ಅವ್ವ, ರೊಟ್ಟಿಯ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು.

ಪೂನಮ ಹೇಳಿದಳು. ಐತ್ವಾರದಿಂದ ಹಿಡಿದು ಎಲ್ಲವನ್ನೂ, ತನ್ನ ತಪ್ಪನ್ನು ಎರಡು ಸಲ. ಬೇಕಾದದ್ದೇನು ಎಂಬುದನ್ನು ಮಾತ್ರ ಹೇಳಲಿಲ್ಲ.

ಅವ್ವ ಒಳಗೆ ಹೋದಳು. ರೊಟ್ಟಿ ಬಡಿಯುವ ಸಪ್ಪಳ ಕೇಳಿತು, ನಿಂತಿತು, ಮತ್ತೆ ಕೇಳಿತು. ಪೂನಮ ಬೆಲ್ಟಿನ ಚೂರುಗಳನ್ನು ಆರಿಸಿ ಕಾಗದದಲ್ಲಿ ಕಟ್ಟಿದಳು. ಕಲೀಮನಿಗೆ ಏನು ಹೇಳಬೇಕು ಎಂದು ಮನಸ್ಸಿನಲ್ಲೇ ವಾಕ್ಯ ಬರೆದು ಅಳಿಸುತ್ತಿದ್ದಳು.

ಅಷ್ಟರಲ್ಲಿ ಅವ್ವ ಕೈ ತೊಳೆದುಕೊಂಡು ಬಂದು ಗೂಡಿನಿಂದ ಎಡಗಾಲಿನ ಚಪ್ಪಲಿ ತೆಗೆದಳು. ಸೆರಗಿನಿಂದ ಒರೆಸಿ, ತಿರುಗಿಸಿ, ಮಗಳ ಕಣ್ಣ ಮುಂದೆ ಹಿಡಿದಳು. ಹಿಮ್ಮಡಿಯ ಅಂಚಿನಲ್ಲಿ ಮೂರು ಕಡೆ ಕಚ್ಚಿದ ಗುರುತು.

"ಇದು ಕಮಲನಗರದ್ದು. ಇದು ಚಾಂದ ಪಾಶಾಂದು. ಇದು ಯಾರದೋ, ನನಗ ಹೇಳಿದ್ದಿಲ್ಲ," ಎಂದಳು. "ಹೊಸಾ ಚಪ್ಪಲಿ ತಂದು ವರ್ಷ ತುಂಬೂದ್ರಾಗ ಕಡೀತಿದ್ದರು. ನಾ ಬೈತಿದ್ದೆ. 'ಅನಸೂಯಾ, ನಾ ಹೋಗದ ಊರಾಗೂ ನನ್ನ ಚಪ್ಪಲಿ ನಡೀಲತ್ತದ' ಅಂತ ನಗ್ತಿದ್ದರು."

"ಬ್ಯಾಡವ್ವ. ಬ್ಯಾರೆ ಏನಾದ್ರೂ ನೋಡ್ತೇನಿ."

"ಏನ ನೋಡ್ತೀ? ಎಲ್ಲಾ ನೋಡೀದಿ." ಅವ್ವ ಚಪ್ಪಲಿಯನ್ನು ಮಗಳ ತೊಡೆಯ ಮೇಲೆ ಇಟ್ಟಳು. ಇಟ್ಟ ಕೈ ಒಂದು ಕ್ಷಣ ಅಲ್ಲಿಯೇ ಇತ್ತು. "ಕೊಯ್ಯಿ. ನಾ ಆ ಕಡಿ ಮಾರಿ ಮಾಡ್ತೇನಿ."

ಪೂನಮ ಅಪ್ಪನ ಸಣ್ಣ ಚೂರಿಯಿಂದ ಕೊಯ್ದಳು. ಒಂದು ಹರಿದರೆ ಇರಲಿ ಎಂದು ಎರಡು ಬಿಲ್ಲೆ, ಎರಡಕ್ಕೂ ನಡುವೆ ತೂತು. ಚರ್ಮ ಹಟ ಮಾಡಲಿಲ್ಲ.

ಮುಂಜಾನೆ ಏಳಕ್ಕೆ ಬೀದರ ಬಸ್ ಸ್ಟ್ಯಾಂಡಿನಲ್ಲಿ ಔರಾದದ ಬಸ್ಸಿಗೆ ಕಾಯುತ್ತ ನಿಂತಳು. ಬಿಲ್ಲೆಗಳು ಕಡ್ಡಿಪೆಟ್ಟಿಗೆಯಲ್ಲಿ, ಪೆಟ್ಟಿಗೆಗೆ ನಾಲ್ಕು ಸುತ್ತು ದಾರ, ಮೇಲೆ ಆಬೇದಾಳ ಹೆಸರು. ಈ ಕಡೆಯ ಊರುಗಳಲ್ಲಿ ಅರ್ಧ ಟಪಾಲು ಕಂಡಕ್ಟರುಗಳ ಕೈಯಲ್ಲೇ ತಿರುಗುತ್ತದೆ: ಮಾತ್ರೆ, ಕೀಲಿಕೈ, ಮರೆತ ಕನ್ನಡಕ. ಕಂಡಕ್ಟರ್ ಹಾವಗೆಪ್ಪ ಪೆಟ್ಟಿಗೆಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದ.

"ಒಳಗೇನದ ರಿ? ಬಂಗಾರ ಇದ್ರ ನಾ ಔರಾದದಾಗ ಇಳಿಯಂಗಿಲ್ಲ, ಸೀದಾ ನಾಂದೇಡಕ್ಕ ಹೋಗ್ತೇನಿ."

"ಚಪ್ಪಲಿ ತುಂಡು ರಿ."

ಹಾವಗೆಪ್ಪನ ನಗು ನಿಂತಿತು. ಪೆಟ್ಟಿಗೆಯನ್ನು ಒಮ್ಮೆ, ಅವಳನ್ನು ಒಮ್ಮೆ ನೋಡಿದ. "ಕಡ್ಡಿಪೆಟ್ಟಿಗ್ಯಾಗ ಇಂಥಾದ್ದು ಕಳಸಾಂವ ಒಬ್ಬನೇ ಇದ್ದ. ನೀವು ಪಂಢರಿ ಮಿಸ್ತ್ರಿ ಮಗಳೇನ್ರಿ?" ಎಂದು, ಉತ್ತರಕ್ಕೆ ಕಾಯದೆ, ಅದನ್ನು ಅಂಗಿಯ ಮೇಲಿನ ಜೇಬಿಗೆ ಹಾಕಿ ಗುಂಡಿ ಹಚ್ಚಿಕೊಂಡ.

ಅಂದು ಕಚೇರಿಯಲ್ಲಿ ಫೈಲುಗಳು ಒಂದರ ಹಿಂದೊಂದು ಹೋದವು. ಕಮಿಟಿಯವರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು, ಯಾವುದನ್ನೂ ನಾಲ್ಕು ಸಲ ಓದಲಿಲ್ಲ. ಊಟದ ಗಂಟೆಯಾದ ಕೂಡಲೇ ಉತ್ತರಪತ್ರಿಕೆಗಳ ಕೋಣೆ.

"ಬಂತು ಬಂತು," ಎಂದಳು ಆಬೇದಾ. "ಕಲೀಮ ಮಷಿನ್ ಬುಡಕ ಮಕ್ಕೊಂಡಾನ. ಹೇಳು ಏನ ಮಾಡ್ಬೇಕು."

"ನೀವು ಮಾಡ್ರಿ ಖಾಲಾ. ಕಲೀಮ್ ಭಾಯಿ ಬ್ಯಾಟರಿ ಹಿಡೀಲಿ."

"ನಾನಾ? ಐವತ್ತು ವರ್ಷ ಇದರ ಮ್ಯಾಲ ಕುಂತೇನಿ, ಒಂದಿನಾನೂ ಕೆಳಗ ನೋಡಿಲ್ಲ."

"ಇವತ್ತು ನೋಡ್ರಿ. ನಟ್ಟು ಎಡಕ್ಕ ತಿರಗಸ್ರಿ. ಪೂರಾ ತಗೀರಿ. ಗ್ರೀಸ್ ಒರಸ್ರಿ. ಬಿಲ್ಲಿ ಹಾಕ್ರಿ, ನುಣುಪು ಮಗ್ಗಲು ಹೊರಗ ಬರಲಿ. ಬಿಗೀರಿ. ಭಾಳ ಬ್ಯಾಡ, ಉಸರಾಡಾಕ ಜಾಗ ಬಿಡ್ರಿ."

ಕೊನೆಯ ಮಾತು ತನ್ನದಲ್ಲ ಎಂದು ಹೇಳಿದ ಮೇಲೆ ಅವಳಿಗೆ ಗೊತ್ತಾಯಿತು. ಅಪ್ಪ ಪ್ರತಿ ನಟ್ಟಿಗೂ ಅದನ್ನೇ ಹೇಳುತ್ತಿದ್ದ.

ಆ ಕಡೆ ಪಾನಾ ಬಿದ್ದ ಸಪ್ಪಳ, ಕಲೀಮನ "ಅಮ್ಮೀ, ನನ್ನ ಕೈ!", ಆಬೇದಾಳ ಏದುಸಿರು. ಬಹಳ ಹೊತ್ತು ಹಿಡಿಯಿತು. ಬಿಡುವು ಮುಗಿಯಲು ಹತ್ತು ನಿಮಿಷವಿತ್ತು, ಆಮೇಲೆ ಏಳು, ಆಮೇಲೆ ಐದು. ಪೂನಮ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು.

ಟಕಟಕ ಟಕಟಕ ಟಕಟಕ.

ಇನ್ನೊಂದು ಸುತ್ತು ಕಾದಳು. ಇನ್ನೊಂದು. ಪೆಟ್ಟಿಲ್ಲ. ಮಷಿನು ಎರಡೂ ಕಾಲಿನ ಮೇಲೆ ನಡೆಯುತ್ತಿತ್ತು.

"ದಾರ?" ಎಂದಳು.

"ತಡಿ, ಮಾತಾಡಸಬ್ಯಾಡ," ಎಂದಳು ಆಬೇದಾ. ಹೊಲಿಗೆ ಉದ್ದಕ್ಕೆ ಓಡಿತು, ತಿರುಗಿತು, ಮತ್ತೆ ಓಡಿತು. ಫೋನು ಇಡುವುದನ್ನು ಆ ಮನೆಯವರು ಮರೆತುಬಿಟ್ಟರು. ಪೂನಮ ಇಡಲಿಲ್ಲ. ಡಬ್ಬಿ ತೆರೆದು, ಆ ಸಪ್ಪಳ ಕೇಳುತ್ತ ಅವಸರದಲ್ಲಿ ಅರ್ಧ ರೊಟ್ಟಿ ತಿಂದಳು. ಆ ರೊಟ್ಟಿಯಷ್ಟು ಹೊತ್ತು ಬುಧವಾರವೇ ಐತ್ವಾರವಾಗಿತ್ತು.

ಗಂಟೆ ಬಾರಿಸುವ ಮುಂಚೆ ಆಬೇದಾಳಿಗೆ ನೆನಪಾಯಿತು. "ಇದ್ದೀಯೇನು? ನಿಖತಗ ಶುಕ್ರವಾರ ಉಡಸ್ತೇನಿ. ನಿನಗ ರಜಾ ಇಲ್ಲ, ಗೊತ್ತದ. ಐತ್ವಾರ ಬಾ, ಬಿರ್ಯಾನಿ ತಗದಿಟ್ಟಿರ್ತೇನಿ. ಆದ್ರ..."

"ಆದ್ರ ಏನ್ರಿ ಖಾಲಾ?"

"ಪಾನಾ ಮನ್ಯಾಗ ಇಟ್ಟು ಬಾ."

ಸಂಜೆ ಪೂನಮ ನೌಬಾದಿಗೆ ಬಂದಾಗ ಅವ್ವ ಹೊಸ್ತಿಲಲ್ಲಿ ಕೂತಿದ್ದಳು. ತೊಡೆಯ ಮೇಲೆ ಆ ಎಡಗಾಲಿನ ಚಪ್ಪಲಿ, ಕೈಯಲ್ಲಿ ದರ್ಜಿಯ ಸೀಮೆಸುಣ್ಣ ಮತ್ತು ಒಂದು ಹಳೆಯ ಎಂಟಾಣೆ.

"ನಡೀತೇನು?"

"ನಡೀತವ್ವ."

"ನಡೀಲೇಬೇಕು," ಎಂದಳು ಅವ್ವ. ಎಂಟಾಣೆಯನ್ನು ಚಪ್ಪಲಿಯ ಮೇಲಿಟ್ಟು, ಸುತ್ತ ಸುಣ್ಣದ ಗೆರೆ ಎಳೆದು, ಪಕ್ಕಕ್ಕೆ ಸರಿಸಿ ಮತ್ತೊಂದು ಗೆರೆ ಎಳೆದಳು. "ಇದರಾಗ ಇನ್ನ ಎಂಟು ಬಿಲ್ಲಿ ಬರ್ತಾವ. ಅಂಚಿಗಿ ಹಿಡದು ಕೊಯ್ದ್ರ ಒಂಬತ್ತು. ಬಲಗಾಲಿಂದು ಇನ್ನೂ ಮುಟ್ಟೇ ಇಲ್ಲ."